ಕ್ಯಾಂಪಿಗೆ ಹೋಗದ ಲೆಫ್ಟ್ ಬ್ಯಾಕ್

ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಬಸ್ಸು ಹೊರಟಿತು. ಅನಿಕೇತ್ ಅದರಲ್ಲಿರಲಿಲ್ಲ. ಹತ್ತಬೇಡ ಎಂದು ಹೇಳಿದವಳು ನಾನು.

ಬಸ್ಸು ಹೊರಟಿದ್ದನ್ನು ನಾನು ಕಣ್ಣಾರೆ ನೋಡಿಲ್ಲ. ಅವನ ಗೆಳೆಯ ಕಿಟಕಿ ಸೀಟಿನಿಂದ ತೆಗೆದ ವಿಡಿಯೋದಲ್ಲಿ ನೋಡಿದೆ, ಅದೂ ಆಫೀಸಿಗೆ ಹೋಗುತ್ತಾ ಎಂಆರ್‌ಟಿ ರೈಲಿನಲ್ಲಿ. ಅನಿಕೇತನೇ ಫಾರ್ವರ್ಡ್ ಮಾಡಿದ್ದ. ಜೊತೆಗೆ ಒಂದು ಮಾತೂ ಬರೆದಿರಲಿಲ್ಲ. ನಾನು ಹೆಬ್ಬೆರಳು ಎತ್ತಿದ ಗುರುತು ಕಳಿಸಿದೆ. (ಅದನ್ನು ಈಗಲೂ ಅಳಿಸಿಲ್ಲ. ಅಳಿಸಿದರೆ ಅವನಿಗೆ ಗೊತ್ತಾಗುತ್ತದೆ.)

ಇದನ್ನು ಬರೆಯುವ ಮೊದಲು ಅವನನ್ನೂ ಅವನ ಅಪ್ಪ ಅಮ್ಮನನ್ನೂ ಕೇಳಿದೆ. ಹೆಸರು ಬದಲಾಯಿಸಿ ಬರೀರಿ ಅಂದರು. ಬದಲಾಯಿಸಿದ್ದೇನೆ. ಮಿಕ್ಕಿದ್ದೆಲ್ಲ ನಡೆದ ಹಾಗೇ ಇದೆ.

ಅನಿಕೇತನಿಗೆ ಇಪ್ಪತ್ತೊಂದು. ಮಲೇಷ್ಯಾದ ಪಕ್ಕದ ಈ ಪುಟ್ಟ ದ್ವೀಪದೇಶದ ಪುಂಗೋಲ್ ಬಡಾವಣೆಯಲ್ಲಿ, ನಮ್ಮದೇ ಬ್ಲಾಕಿನ ಹನ್ನೊಂದನೇ ಮಹಡಿಯವನು. ಅಪ್ಪ ಶ್ರೀಧರ್ ಬ್ಯಾಂಕಿನ ಐಟಿ ವಿಭಾಗದಲ್ಲಿ ಪ್ರಾಜೆಕ್ಟ್ ಮ್ಯಾನೇಜರ್, ಅಮ್ಮ ವೀಣಾ ಲ್ಯಾಬ್ ಒಂದರಲ್ಲಿ ಕೆಲಸ ಮಾಡುತ್ತಾರೆ. ಮೈಸೂರಿನವರು. ಹುಡುಗ ಇಲ್ಲೇ ಬೆಳೆದವನು. ಕನ್ನಡ ಮಾತಾಡುತ್ತಾನೆ, ಇಲ್ಲಿನವರ ಹಾಗೆ ಕೊನೆಗೊಂದು ‘ಲಾ’ ಸೇರಿಸುತ್ತಾನೆ. ಎಂಟನೇ ವಯಸ್ಸಿನಿಂದ ಫುಟ್‌ಬಾಲ್. ಲೆಫ್ಟ್ ಬ್ಯಾಕ್, ಅಂದರೆ ಗೋಲಿನ ಎಡಭಾಗ ಕಾಯುವವನು. ಇಲ್ಲಿ ಗಂಡುಮಕ್ಕಳಿಗೆ ಕಡ್ಡಾಯವಾದ ಎರಡು ವರ್ಷದ ಸೇನಾ ಸೇವೆ ಮುಗಿಸಿ ಬಂದ ಮೇಲೆ ಲೀಗಿನ ಒಂದು ಕ್ಲಬ್ಬು ಅವನನ್ನು ಟ್ರಯಲ್‌ಗೆ ಕರೆಯಿತು. ಆರು ವಾರ ನೋಡಿತು. ಆಮೇಲೆ ಕಾಂಟ್ರ್ಯಾಕ್ಟ್ ಕಳಿಸಿತು. ಜೀವನದ ಮೊದಲ ಕಾಂಟ್ರ್ಯಾಕ್ಟ್.

ಅಂದು ಸಂಜೆ ಅವನು ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ನಮ್ಮ ಮನೆಗೆ ಬಂದ. "ಆಂಟಿ, ಪ್ರೋ ಆದೆ," ಅಂದ. ಅಷ್ಟೇ ಅಂದು ವಾಪಸ್ ಓಡಿದ.

ಶನಿವಾರ ಮಧ್ಯಾಹ್ನ ಶ್ರೀಧರ್ ಫೋನ್ ಮಾಡಿದರು. "ನೀವು ಎಚ್‌ಆರ್ ಅಲ್ವಾ, ಸ್ವಲ್ಪ ಕಣ್ಣಾಡಿಸಿ ಹೇಳಿ." ನಾನು ಹದಿನೆಂಟು ವರ್ಷದಿಂದ ಕಂಪನಿಗಳಿಗೆ ಜನರನ್ನು ಆರಿಸಿಕೊಡುವ ಕೆಲಸದಲ್ಲಿದ್ದೇನೆ. ಆಫರ್ ಲೆಟರ್ ಬರೆದಿದ್ದೇನೆ, ಓದಿದ್ದೇನೆ, ತಿದ್ದಿದ್ದೇನೆ. ಹೋದೆ. ವೀಣಾ ಅವಲಕ್ಕಿ ಒಗ್ಗರಣೆ ಮಾಡಿಟ್ಟಿದ್ದರು.

ಸಂಬಳದ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ನನ್ನ ಕಣ್ಣು ನಿಂತಿದ್ದು ಒಂಬತ್ತನೇ ಷರತ್ತಿನ ಮೇಲೆ. ಆಟಗಾರ ಗಾಯಗೊಂಡು ಮೂರು ತಿಂಗಳಿಗಿಂತ ಹೆಚ್ಚು ಕಾಲ ಆಡಲಾಗದಿದ್ದರೆ ಕ್ಲಬ್ಬು ಕರಾರನ್ನು ಅಲ್ಲಿಗೇ ಮುಗಿಸಬಹುದು. ಓದಿ ಗಟ್ಟಿಯಾಗಿ ಹೇಳಿದೆ: "ಇದು ಸರಿಯಿಲ್ಲ."

ಸರಿಯಿರಲಿಲ್ಲ. ಇವತ್ತಿಗೂ ಹಾಗೇ ಹೇಳುತ್ತೇನೆ. ಮೊಣಕಾಲು ಹೋದ ದಿನವೇ ಕೆಲಸವೂ ಹೋಗುವುದಾದರೆ ಅದೆಂಥ ಕರಾರು?

ನಾವು ಏನು ಮಾಡಿದೆವು ಗೊತ್ತೇ? ನಮಗೆ ಅಭ್ಯಾಸವಿದ್ದದ್ದನ್ನೇ ಮಾಡಿದೆವು. ಕಾಂಟ್ರ್ಯಾಕ್ಟನ್ನು ವರ್ಡ್ ಫೈಲ್ ಮಾಡಿ, ಅಂಚಿನಲ್ಲಿ ಒಂದೊಂದೇ ಕಾಮೆಂಟ್ ಹಾಕುತ್ತಾ ಹೋದೆವು. ಒಂಬತ್ತನೇ ಷರತ್ತಿನಿಂದ ಶುರುವಾಗಿದ್ದು ಹದಿನಾಲ್ಕು ಕಾಮೆಂಟ್ ಆಯಿತು. ಶ್ರೀಧರ್ ಅವರದ್ದು ನೀಲಿ, ನನ್ನದು ಕೆಂಪು. ಅನಿಕೇತ್ ಎದುರಿಗೇ ಕೂತಿದ್ದ, ಅವಲಕ್ಕಿಯ ಶೇಂಗಾ ಆರಿಸಿಕೊಂಡು.

"ಅಪ್ಪಾ, ಇಷ್ಟೊಂದಾ?"

"ಮೊದಲನೇ ಡ್ರಾಫ್ಟ್ ಯಾವತ್ತೂ ಫೈನಲ್ ಅಲ್ಲ ಕಣೋ. ಅವರಿಗೂ ಗೊತ್ತಿರುತ್ತೆ."

"ಬೇರೆಯವರೆಲ್ಲ ಸುಮ್ನೆ ಸೈನ್ ಮಾಡಿದಾರೆ ಲಾ."

"ಅವರಿಗೆ ಓದಿ ಹೇಳೋರಿರಲ್ಲ."

ಈ ಮಾತಿಗೆ ನಾನು ನಕ್ಕೆ ಎಂದು ನೆನಪು.

ಶ್ರೀಧರ್ ಅಷ್ಟರಲ್ಲಿ ಯೂಟ್ಯೂಬಿನಲ್ಲಿ ಸಾಕಷ್ಟು ನೋಡಿಕೊಂಡಿದ್ದರು. ಅಮೆರಿಕದವರ ಫುಟ್‌ಬಾಲಿನಲ್ಲಿ (ಅದು ಬೇರೆಯೇ ಆಟ, ಕೈಯಲ್ಲಿ ಹಿಡಿದು ಓಡುತ್ತಾರೆ) ಕರಾರು ಇತ್ಯರ್ಥವಾಗುವವರೆಗೆ ಹೊಸ ಆಟಗಾರರು ಟ್ರೇನಿಂಗ್ ಕ್ಯಾಂಪಿಗೆ ಕಾಲಿಡದೆ ಕೂರುವುದುಂಟಂತೆ. ಹೋಲ್ಡ್‌ಔಟ್ ಅನ್ನುತ್ತಾರಂತೆ. "ಕ್ಯಾಂಪ್ ಶುರುವಾದ ಮೇಲೆ ಕ್ಲಬ್‌ನೋರೇ ದಾರಿಗೆ ಬರ್ತಾರೆ," ಅಂದರು. ಆ ಆಟಗಾರರ ಹಿಂದೆ ಏಜೆಂಟು, ವಕೀಲರು, ಸಂಘ ಎಲ್ಲ ಇರುತ್ತದೆ. ಇವನ ಹಿಂದೆ ಇದ್ದದ್ದು ನಾವಿಬ್ಬರು.

ಫೈಲು ಶನಿವಾರವೇ ಹೋಯಿತು. ಅಲ್ಲಿಂದ ಮೂರನೇ ಸೋಮವಾರ ಕ್ಯಾಂಪು. ಜೋಹೋರ್ ದಾಟಿ ಮಲೇಷ್ಯಾದೊಳಗೆ ಹತ್ತು ದಿನ.

ಬುಧವಾರ ಸಂಜೆ ಕ್ಲಬ್ಬಿನ ಟೀಮ್ ಮ್ಯಾನೇಜರ್ ನಮ್ಮ ಬ್ಲಾಕಿಗೇ ಬಂದರು. ಹಮೀದ್ ಎಂದು ಕರೆಯೋಣ. ಅರವತ್ತರ ಹತ್ತಿರದ ಮಲಯ ಹಿರಿಯರು. ಮೈದಾನದಿಂದ ನೇರ ಬಂದಿದ್ದೇನೆ, ಶೂ ಕೊಳೆಯಾಗಿದೆ, ಮೇಲೆ ಬರುವುದಿಲ್ಲ ಎಂದು ವಾಯ್ಡ್ ಡೆಕ್ಕಿನಲ್ಲಿ, ಅಂದರೆ ಬ್ಲಾಕಿನ ಕೆಳಗಿನ ತೆರೆದ ಜಾಗದಲ್ಲಿ, ಕಲ್ಲುಮೇಜಿನ ಹತ್ತಿರ ಕೂತರು. ಶ್ರೀಧರ್ ನನ್ನನ್ನೂ ಕರೆದರು. ಅನಿಕೇತನೂ ಸೇರಿ ನಾವು ಮೂವರು, ಎದುರಿಗೆ ಅವರೊಬ್ಬರು. ಮಾತು ಇಂಗ್ಲಿಷಿನಲ್ಲಿ ನಡೆಯಿತು. ನೆನಪಿದ್ದಷ್ಟನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನಿಮ್ಮ ಕಾಮೆಂಟ್ ಎಲ್ಲ ಓದಿದೆ," ಅಂದರು. "ಅಷ್ಟನ್ನ ನಾನು ಸ್ಕೂಲಲ್ಲೂ ಓದಿರಲಿಲ್ಲ."

ನಾವು ನಕ್ಕೆವು. ಅವರೂ ನಕ್ಕರು.

"ಒಂಬತ್ತನೇದು ನನಗೂ ಇಷ್ಟ ಇಲ್ಲ ಸರ್. ಆದರೆ ಎಲ್ಲರಿಗೂ ಒಂದೇ ಪೇಪರು. ಸೈನ್ ಆಗದೆ ನಾನು ಇವನನ್ನ ಬಾರ್ಡರ್ ದಾಟಿಸೋಕಾಗಲ್ಲ, ಇನ್ಶೂರೆನ್ಸ್ ಇರಲ್ಲ. ಸೈನ್ ಮಾಡಿ ಕ್ಯಾಂಪಿಗೆ ಬರಲಿ. ಕೋಚ್ ಇವನ ಓಟ ನೋಡಲಿ. ವಾಪಸ್ ಬಂದ ಮೇಲೆ ಒಂಬತ್ತರ ವಿಷಯ ನಾನೇ ಆಫೀಸಲ್ಲಿ ಮಾತಾಡ್ತೀನಿ."

"ಅದನ್ನ ಈಮೇಲ್‌ನಲ್ಲಿ ಹಾಕ್ತೀರಾ?" ಕೇಳಿದವಳು ನಾನು.

ಅವರು ನನ್ನನ್ನು ನೋಡಿದರು. ಕೋಪವಿರಲಿಲ್ಲ. ನಾನು ಯಾವುದೋ ಬೇರೆ ಅಂಗಡಿಗೆ ಬಂದು ಬೇರೇನೋ ಕೇಳುತ್ತಿದ್ದೇನೆ ಎನ್ನುವ ನೋಟ.

ಪಕ್ಕದಲ್ಲಿಟ್ಟಿದ್ದ ಚೀಲ ತೆಗೆದು ಮೇಜಿನ ಮೇಲಿಟ್ಟರು. ಟ್ರೇನಿಂಗ್ ಜೆರ್ಸಿ, ಶಾರ್ಟ್ಸ್, ಸಾಕ್ಸ್. ಇಪ್ಪತ್ತಮೂರನೇ ನಂಬರು. ಅನಿಕೇತ್ ಕೈ ಚಾಚಿದ. ನಾನು ಕನ್ನಡದಲ್ಲಿ ಮೆಲ್ಲಗೆ ಹೇಳಿದೆ: "ಈಗಲೇ ತಗೋಬೇಡ. ತಗೊಂಡ್ರೆ ಒಪ್ಪಿಕೊಂಡ ಹಾಗಾಗುತ್ತೆ."

ನಮ್ಮ ಲೋಕದ ಎಚ್ಚರಿಕೆ ಅದು. ಆಫರ್ ಒಪ್ಪುವ ಮೊದಲೇ ಕಂಪನಿ ಲ್ಯಾಪ್‌ಟಾಪ್ ಮನೆಗೆ ಬಂದರೆ ಚೌಕಾಸಿ ಮುಗಿದಂತೆ ಎಂದು ಎಷ್ಟು ಜನಕ್ಕೆ ಹೇಳಿದ್ದೇನೋ. ಹುಡುಗ ಕೈ ಹಿಂದಕ್ಕೆ ತೆಗೆದುಕೊಂಡ.

ಹಮೀದ್ ನಮ್ಮಿಬ್ಬರನ್ನೂ ಬಿಟ್ಟು ಅವನ ಕಡೆ ತಿರುಗಿದರು. "ನಿನಗೆ ಆಡೋಕೆ ಇಷ್ಟ ಇದೆಯಾ?"

ಅವನು ಬಾಯಿ ತೆರೆದ. "ಶುಕ್ರವಾರದೊಳಗೆ ತಿಳಿಸ್ತೀವಿ," ಅಂದೆ ನಾನು.

ಹಮೀದ್ ತಲೆಯಾಡಿಸಿದರು. ಚೀಲ ಎತ್ತಿಕೊಂಡರು. ಶ್ರೀಧರ್ ಅವರ ಕೈ ಕುಲುಕಿದರು, ಹುಡುಗನ ಭುಜ ಮುಟ್ಟಿದರು, ಬಸ್ ಸ್ಟಾಪಿನ ಕಡೆ ನಡೆದುಹೋದರು.

ಲಿಫ್ಟಿನಲ್ಲಿ ಶ್ರೀಧರ್ ಉಬ್ಬಿಹೋಗಿದ್ದರು. "ಮನೆ ತನಕ ಹುಡುಕ್ಕೊಂಡು ಬಂದಿದಾರೆ. ಬೇಕೇ ಬೇಕು ಅಂತ ತಾನೇ ಅರ್ಥ?"

"ಖಂಡಿತ," ಅಂದೆ. "ಈಗ ಬಗ್ಗಬೇಡಿ."

ಶುಕ್ರವಾರ ಶ್ರೀಧರ್ ಈಮೇಲ್ ಕಳಿಸಿದರು: ಒಂಬತ್ತನೇ ಷರತ್ತು ತೆಗೆಯದೆ ಸಹಿ ಇಲ್ಲ, ಸಹಿಯಾಗದೆ ಕ್ಯಾಂಪ್ ಇಲ್ಲ. ಕರಡು ನನ್ನದು. ಉತ್ತರ ಬರಲಿಲ್ಲ. ಮುಂದಿನ ವಾರವಿಡೀ ಬರಲಿಲ್ಲ. ಸೋಮವಾರ ಬಸ್ಸು ಹೊರಟಿತು.

ಉತ್ತರ ಬರದಿರುವುದನ್ನೂ ನಾವು ನಮ್ಮ ಆಫೀಸಿನ ರೀತಿಯಲ್ಲೇ ಓದಿದೆವು. ನಮ್ಮಲ್ಲಿ ಮೌನವೆಂದರೆ ಒಳಗೆ ಅಪ್ರೂವಲ್ ಓಡಾಡುತ್ತಿದೆ ಎಂದು. ಕ್ಯಾಂಡಿಡೇಟ್ ಎರಡು ಆಫರ್ ಕೈಯಲ್ಲಿಟ್ಟುಕೊಂಡು ಮೂರು ತಿಂಗಳ ನೋಟಿಸ್ ಪೀರಿಯಡ್ ಎಳೆದರೂ ಕಂಪನಿ ಕಾಯುತ್ತದೆ. ಪ್ರಾಜೆಕ್ಟು ಕಾಯುತ್ತದೆ. ತಡ ಮಾಡಿದವನಿಗೇ ಗಿರಾಕಿ ಜಾಸ್ತಿ. ನಾವೆಲ್ಲ ಈ ಊರಿಗೆ ಬಂದಿದ್ದೇ ಹಾಗೆ ಅಲ್ಲವೇ?

ಎಡಗಡೆ ಯಾರೂ ಇಲ್ಲದೆ ಒಂದು ತಂಡ ಎಷ್ಟು ದಿನ ಪ್ರಾಕ್ಟೀಸ್ ಮಾಡುತ್ತದೆ? ಈ ಪ್ರಶ್ನೆ ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಹುಡುಗನಿಗೆ ಹೊಳೆದಿತ್ತು. ಅವನು ಬೆಳಿಗ್ಗೆ ವಾಟರ್‌ವೇ ಕಾಲುವೆಯ ಪಕ್ಕ ಒಬ್ಬನೇ ಓಡುತ್ತಿದ್ದ, ಸಂಜೆ ಆಟದ ಕೋರ್ಟಿನ ಗೋಡೆಗೆ ಚೆಂಡು ಒದೆಯುತ್ತಿದ್ದ. ಬಸ್ಸು ಹೊರಟ ಎಂಟನೇ ದಿನ ವೀಣಾ ಫೋನ್ ಮಾಡಿದರು. "ಇವನು ಸರಿಯಾಗಿ ಊಟ ಮಾಡ್ತಿಲ್ಲ ಕಣ್ರೀ. ಸೈನ್ ಮಾಡಿಬಿಡಲಿ ಅಂದ್ರೆ ಇವರು ಕೇಳಲ್ಲ. ನೀವಾದ್ರೂ ಹೇಳಿ."

"ಇನ್ನೆರಡು ದಿನ," ಅಂದೆ.

ಹನ್ನೊಂದನೇ ದಿನ ಕ್ಲಬ್ಬಿನಿಂದ ಈಮೇಲ್ ಬಂತು. ಎರಡು ಸಾಲು. ನಿಮ್ಮ ಕಾಮೆಂಟುಗಳಿಗೆ ಧನ್ಯವಾದ. ಈ ಸೀಸನ್ನಿನ ಆಟಗಾರರ ನೋಂದಣಿ ಪೂರ್ಣಗೊಂಡಿದೆ.

ನಾನೇ ಹಮೀದ್‌ಗೆ ಫೋನ್ ಮಾಡಿದೆ. ಅವರ ದನಿಯಲ್ಲಿ ಅದೇ ಮರ್ಯಾದೆ.

"ಮೇಡಂ, ಆ ಬುಧವಾರ ನಾನು ಬಂದಿದ್ದು ಕ್ಲಬ್‌ನೋರು ಕಳಿಸಿ ಅಲ್ಲ. ಹಿಂದಿನ ದಿನವೇ ಕೋಚು ಇನ್ನೊಬ್ಬ ಹುಡುಗನನ್ನ ಕರೆಸೋಣ ಅಂದಿದ್ದರು. ಎರಡು ದಿನ ಕೊಡಿ, ನಾನು ಹೋಗಿ ಮಾತಾಡಿ ಬರ್ತೀನಿ ಅಂತ ಕೇಳಿಕೊಂಡಿದ್ದೆ."

"ನೀವು ಅದನ್ನ ಅವತ್ತು ಹೇಳಲೇ ಇಲ್ಲ."

"ನಾನು ಬಂದಿದ್ದೆನಲ್ಲ," ಅಂದರು.

ಹದಿನೆಂಟು ವರ್ಷ ಜನರ ಮುಖ ನೋಡಿ ಅವರಿಗೇನು ಬೇಕು ಎಂದು ಹೇಳುವ ಕೆಲಸ ಮಾಡಿದವಳು ನಾನು. ಒಬ್ಬ ಹಿರಿಯರು ದಿನವೆಲ್ಲ ಬಿಸಿಲಲ್ಲಿ ನಿಂತು, ಬಸ್ಸು ಹಿಡಿದು ಬಂದು, ಹುಡುಗನ ಎದುರು ಕೂತಿದ್ದರು. ನಾನು ಅದರಲ್ಲಿ ಕ್ಲಬ್ಬಿನ ಗರಜನ್ನು ಕಂಡೆ. ಅಕ್ಕರೆ ಕಾಣಲಿಲ್ಲ. ನಾವು ಯಾವಾಗಿನಿಂದ ಹೀಗಾದೆವು? ಯಾರಾದರೂ ಮನೆ ತನಕ ಬಂದರೆ ನಮ್ಮ ಮೊದಲ ಲೆಕ್ಕಾಚಾರ, ಇವರಿಗೆ ನಮ್ಮಿಂದ ಏನಾಗಬೇಕಾಗಿದೆ ಎಂಬುದು.

ಅವನ ಜಾಗಕ್ಕೆ ಬಂದವನು ಬೇರೆ ಯಾರೋ ಅಲ್ಲ. ಅನಿಕೇತನ ಜೊತೆ ಶಾಲೆಯ ತಂಡದಲ್ಲಿ ಆಡಿದ್ದ ಡ್ಯಾನಿಶ್. ಅದೇ ಪೇಪರಿಗೆ ಸಹಿ ಹಾಕಿದ, ಒಂಬತ್ತನೇ ಷರತ್ತು ಸಮೇತ. ಸೀಸನ್ ಶುರುವಾಯಿತು. ಶ್ರೀಧರ್ ಮಗನ ಹೆಸರನ್ನು ಅಕೌಂಟೆನ್ಸಿ ಡಿಪ್ಲೊಮಾಗೆ ಸೇರಿಸಿದರು. ಆ ಮನೆಯಲ್ಲಿ ಟಿವಿಯಲ್ಲಿ ಫುಟ್‌ಬಾಲ್ ಹಾಕುವುದು ನಿಂತಿತು.

ನಾಲ್ಕನೇ ಮ್ಯಾಚಿನಲ್ಲಿ ಡ್ಯಾನಿಶ್ ಬಿದ್ದ. ಮೊಣಕಾಲಿನ ಲಿಗಮೆಂಟ್ ಹರಿದಿತ್ತು. ಆಪರೇಷನ್ನು, ಊರುಗೋಲು. ಮೂರು ತಿಂಗಳು ದಾಟಿದ ಮೇಲೆ, ಅಂದರೆ ಹೋದ ವಾರ, ಕ್ಲಬ್ಬು ಅವನ ಕರಾರು ಮುಗಿಸಿತು.

ಸುದ್ದಿ ಹೇಳಿದ್ದು ಶ್ರೀಧರ್. "ನೋಡಿದ್ರಾ? ನಾವು ಹೇಳಿದ್ದೇ ಆಯ್ತು. ಒಂಬತ್ತನೇ ಷರತ್ತು." ತಿಂಗಳುಗಳ ನಂತರ ಅವರ ದನಿಯಲ್ಲಿ ಜೀವವಿತ್ತು. ನಿಜ ಹೇಳಬೇಕು: ಆ ಕ್ಷಣ ನನ್ನ ಎದೆಯ ಮೇಲಿನ ಭಾರವೂ ಇಳಿದ ಹಾಗಾಯಿತು. ಮೊಣಕಾಲು ಕೆಡಿಸಿಕೊಂಡು ಕೆಲಸ ಕಳೆದುಕೊಂಡ ಇನ್ನೊಬ್ಬರ ಮಗನ ಸುದ್ದಿ ಕೇಳಿ ನನಗೆ ಹಗುರಾಯಿತು. ಇದನ್ನು ಮುಚ್ಚಿಟ್ಟು ಉಳಿದದ್ದನ್ನೆಲ್ಲ ಬರೆದರೆ ಏನು ಪ್ರಯೋಜನ?

ಮೊನ್ನೆ ಭಾನುವಾರ ಹನ್ನೊಂದನೇ ಮಹಡಿಗೆ ಹೋದೆ. ಅನಿಕೇತ್ ಅಕೌಂಟ್ಸ್ ಪುಸ್ತಕ ತೆರೆದು ಕೂತಿದ್ದ. ಶ್ರೀಧರ್ ಸ್ನಾನಕ್ಕೆ ಹೋಗಿದ್ದರು. ಕ್ಷಮೆ ಕೇಳಲೆಂದೇ ಹೋದವಳು ಮೊದಲು ಕೇಳಿದ್ದು ಬೇರೆ.

"ಡ್ಯಾನಿಶ್ ವಿಷಯ ಗೊತ್ತಾಯ್ತಾ?"

"ನಿನ್ನೆ ಅವನ ಮನೆಗೆ ಹೋಗಿದ್ದೆ."

"ಹೇಗಿದಾನೆ?"

"ಬೇಜಾರಲ್ಲಿದಾನೆ. ಕಾಲು ಇನ್ನೂ ಪೂರ್ತಿ ಮಡಚೋಕಾಗಲ್ಲ." ಪೆನ್ನಿನ ಮುಚ್ಚಳ ಹಾಕಿದ. "ಅವನಮ್ಮ ಅಳ್ತಿದ್ರು. ನೀವು ಆ ಷರತ್ತಿನ ಬಗ್ಗೆ ಹೇಳಿದ್ದು ಸರಿಯಾಗೇ ಇತ್ತು, ಆಂಟಿ."

ಅವನು ಚುಚ್ಚುತ್ತಿರಲಿಲ್ಲ. ಚುಚ್ಚಿದ್ದರೆ ತಡೆದುಕೊಳ್ಳುತ್ತಿದ್ದೆ.

"ಹಾಗಾದ್ರೆ..." ಅಂದೆ. ಮುಂದೆ ಏನು ಹೇಳಬೇಕೆಂದಿದ್ದೆನೋ ಈಗ ನೆನಪಿಲ್ಲ.

"ಫೋನಲ್ಲಿ ಕ್ಲಿಪ್ಸ್ ತೋರಿಸ್ತಿದ್ದ," ಅಂದ ಅನಿಕೇತ್. "ಎರಡನೇ ಮ್ಯಾಚಲ್ಲಿ ಅವನು ಕೊಟ್ಟ ಪಾಸಿಂದ ಗೋಲಾಯ್ತು. ಅದನ್ನ ಮೂರು ಸಲ ಹಾಕಿದ." ಪುಸ್ತಕ ಮುಚ್ಚಿದ. "ನಾಲ್ಕು ಮ್ಯಾಚ್ ಆಡಿದಾನೆ, ಆಂಟಿ."

ನಮ್ಮ ಹುಡುಗನ ಮೊಣಕಾಲು ಗಟ್ಟಿಯಾಗಿದೆ. ಅದನ್ನಿಟ್ಟುಕೊಂಡು ಈಗ ಅವನು ಏನು ಮಾಡಬೇಕು?