ಕೂದಲಿರುವಾಗಲೇ ಒಂದು ಫೋಟೋ

ಮಗನ ಶಾಲೆಯಿಂದ ಬಂದ ಇಮೇಲ್ ಓದಿದಾಗ ನನಗೆ ಮೊದಲು ಅನ್ನಿಸಿದ್ದು, ಇವನಿಗೆ ಎಲ್ಲೋ ಮದುವೆ ಗೊತ್ತಾಗಿದೆ, ಹೆತ್ತವರಿಗೆ ಈಗ ತಿಳಿಸುತ್ತಿದ್ದಾರೆ ಎಂದು. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಬೇಕಂತೆ. ನೀರು ಜಾಸ್ತಿ ಕುಡಿಯಬೇಕಂತೆ. ಬರಹ, ಚಿತ್ರ ಇಲ್ಲದ ಒಂದೇ ಬಣ್ಣದ ಅಂಗಿ ಇಸ್ತ್ರಿ ಮಾಡಿ ತರಬೇಕು, ಹೆಚ್ಚಿಗೆ ಇನ್ನೊಂದು ಇರಲಿ. ಕ್ಷೌರ ಮಾಡಿಸುವುದಾದರೆ ವಾರದ ಮುಂಚೆಯೇ ಮಾಡಿಸಿ. ಕೊನೆಯ ಸೂಚನೆಗೆ ಬಂದಾಗ ನಾನು ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ಓದಿದೆ. ಕನ್ನಡಿಯ ಮುಂದೆ ನಿಂತು ನಗುವುದನ್ನು ಅಭ್ಯಾಸ ಮಾಡಿ ಎಂದಿತ್ತು.

ಅನಿರುದ್ಧ ಓದುವುದು ನಾವು ನೆಲೆಸಿರುವ ಈ ಪರದೇಶದ ಒಂದು ಇಂಟರ್‌ನ್ಯಾಷನಲ್ ಶಾಲೆಯಲ್ಲಿ. ಕೊನೆಯ ವರ್ಷದವರನ್ನು ಸೀನಿಯರ್ ಎನ್ನುತ್ತಾರೆ. ಶಾಲೆ ಬಿಡುವಾಗ ಇಯರ್‌ಬುಕ್ ಎಂಬ ದಪ್ಪ ಪುಸ್ತಕ ಅಚ್ಚಾಗುತ್ತದೆ, ಅದರಲ್ಲಿ ಪ್ರತಿ ಸೀನಿಯರ್‌ಗೂ ಅವನದೇ ಒಂದು ಭಾವಚಿತ್ರ. ಮೈಸೂರಿನಲ್ಲಿ ನಮ್ಮ ಎಸ್ಸೆಸ್ಸೆಲ್ಸಿ ಗ್ರೂಪ್ ಫೋಟೋಗೆ ಇದ್ದ ಸೂಚನೆ ಒಂದೇ: ಅಲ್ಲಾಡಬೇಡಿ. ನಾನು ಬೆಂಚಿನ ಮೇಲೆ ನಿಲ್ಲುವ ಸಾಲಿನಲ್ಲಿದ್ದೆ. ಬೆಂಚು ಮುರಿದರೆ ಏನು ಗತಿ ಎಂದು ಸರಿಯಾಗಿ ಕ್ಲಿಕ್ಕಿಸುವ ಹೊತ್ತಿಗೆ ಕೆಳಗೆ ನೋಡಿದೆ. ಹಾಗಾಗಿ ಆ ಫೋಟೋದಲ್ಲಿ ನನ್ನ ಮುಖ ಇಲ್ಲ, ಬೈತಲೆ ಮಾತ್ರ ಸ್ಪಷ್ಟವಾಗಿದೆ. ಈಗ ಬೈತಲೆ ತೆಗೆಯುವಷ್ಟು ಕೂದಲು ಉಳಿದಿಲ್ಲವಾದ್ದರಿಂದ ಅದಕ್ಕೊಂದು ಐತಿಹಾಸಿಕ ಮಹತ್ವ ಬಂದಿದೆ.

ಮಗನ ಸಮಸ್ಯೆ ತದ್ವಿರುದ್ಧ. ಅವನ ಕೂದಲು ಭುಜ ದಾಟಿತ್ತು. ಮನೆಯಲ್ಲಿ ಅದನ್ನು ನೆತ್ತಿಯ ಮೇಲೆ ಗಂಟು ಹಾಕಿಕೊಂಡು, ತಾಯಿಯ ರಬ್ಬರ್ ಬ್ಯಾಂಡ್‌ಗಳನ್ನೆಲ್ಲ ಖಾಲಿ ಮಾಡುತ್ತಿದ್ದ. ಈ ಜುಟ್ಟು ಪುಸ್ತಕದಲ್ಲಿ ಅಚ್ಚಾದರೆ ಮುಂದೆ ಕೆಲಸ ಕೊಡುವವನು ನೋಡುತ್ತಾನೆ, ಹೆಣ್ಣು ಕೊಡುವವರು ನೋಡುತ್ತಾರೆ ಎಂದು ಮನೆಯಿರುವ ಟೋವಾ ಪಾಯೋದಿಂದ ದ್ವೀಪದ ತುದಿಯ ಟುವಾಸ್‌ನಲ್ಲಿರುವ ನನ್ನ ಕಾರ್ಖಾನೆಯವರೆಗೆ ರೈಲಿನಲ್ಲಿ ನಿಂತು ಚಿಂತಿಸಿದೆ. ಈ ದ್ವೀಪದಲ್ಲಿ ಅದಕ್ಕಿಂತ ದೂರ ಹೋಗಿ ಚಿಂತಿಸಲು ಜಾಗವಿಲ್ಲ. ನಮ್ಮ ಬ್ಲಾಕಿನ ವಾಯ್ಡ್ ಡೆಕ್, ಅಂದರೆ ಕಟ್ಟಡದ ಕೆಳಗೆ ಬರೀ ಕಂಬಗಳಿರುವ ಖಾಲಿ ನೆಲ, ದಾಟಿದರೆ ಚೀನೀ ಅಂಕಲ್ ಒಬ್ಬರ ಕ್ಷೌರದಂಗಡಿ ಇದೆ. ಅವರಲ್ಲಿ ಮಗನ ಹೆಸರು ಹೇಳಿ ಬಂದೆ. ಅಂಕಲ್ ನನ್ನ ತಲೆಯನ್ನೇ ದಿಟ್ಟಿಸಿ, ನಿಮಗಲ್ಲ ತಾನೇ ಎಂದು ಕೇಳಿದರು.

ಮೈಸೂರಿನಿಂದ ಬಂದು ನಮ್ಮ ಜೊತೆಗಿದ್ದ ಅಮ್ಮ ನನ್ನ ಪಕ್ಷ. ಹೆಂಡತಿ ಶೈಲಾ ಯಾವ ಪಕ್ಷವೂ ಅಲ್ಲ. ಶನಿವಾರ ಊಟದ ಮೇಜಿನಲ್ಲಿ ನಾನು ಅಂಗಡಿಯ ವಿಷಯ ತೆಗೆದೆ. ಅನಿ ಮೊಸರನ್ನ ಕಲಸುತ್ತಾ, ತಲೆ ಎತ್ತದೆ ಹೇಳಿದ:

"ಅಪ್ಪ, ಹೇಗೂ ಅವ್ರೇ ಬೋಟಾಕ್ ಮಾಡ್ತಾರೆ ಲಾ. ಫೋಟೋದಲ್ಲಾದ್ರೂ ಇರ್ಲಿ ಬಿಡು."

ಬೋಟಾಕ್ ಎಂದರೆ ಇಲ್ಲಿನ ಮಾತಿನಲ್ಲಿ ಬೋಳು, ಲಾ ಎಂಬುದು ಬರೀ ಮಾತಿನ ಬಾಲ. ಅವರು ಎಂದರೆ ಸೈನ್ಯದವರು. ಹೆತ್ತವರ ಜೊತೆ ಪಿಆರ್, ಅಂದರೆ ಖಾಯಂ ವಾಸದ ಪರವಾನಗಿ, ಪಡೆದ ಗಂಡುಮಕ್ಕಳು ಇಲ್ಲಿ ಓದು ಮುಗಿಸಿ ಎರಡು ವರ್ಷ ಸೈನ್ಯದಲ್ಲಿರಬೇಕು. ಪಾಸ್‌ಪೋರ್ಟ್ ಭಾರತದ್ದು, ಬಂದೂಕು ಇವರದು. ಸೇರಿದ ಕೂಡಲೇ ತಲೆ ಬೋಳಿಸುತ್ತಾರೆ. ಇದೇನೂ ನನಗೆ ಗೊತ್ತಿಲ್ಲದ್ದಲ್ಲ. ಲಿಫ್ಟ್ ಕೆಟ್ಟು ನಿಂತೀತೆಂದು, ಅಕ್ಕಿಗೆ ಹುಳ ಬಿದ್ದೀತೆಂದು ದಿನವೂ ಹೆದರುವ ನಾನು, ಈ ಒಂದು ವಿಷಯಕ್ಕೆ ಮಾತ್ರ ಇನ್ನೂ ಸಮಯವಿದೆ ಎಂದು ಹಾಯಾಗಿದ್ದೆ. ಅವನು ದಿನ ಎಣಿಸಿಕೊಂಡೇ ಕೂದಲು ಬಿಟ್ಟಿದ್ದ.

ಆಘಾತ ಅಲ್ಲಿಗೇ ಮುಗಿಯಲಿಲ್ಲ. ಅಮ್ಮ ಪಕ್ಷ ಬದಲಾಯಿಸಿದಳು.

"ಮಗು ಹೇಳೋದು ಸರಿ ಕಣೋ. ಚೌಲಕ್ಕೆ ಮುಂಚೆ ಇವನಿಗೆ ಮೊಗ್ಗಿನ ಜಡೆ ಹಾಕಿಸಿ ಫೋಟೋ ತೆಗೆಸಿರ್ಲಿಲ್ವಾ? ಕೂದ್ಲು ಹೋಗೋಕೆ ಮುಂಚೆ ತಾನೇ ತೆಗಿಸೋದು?"

ಚೌಲವೆಂದರೆ ಗಂಡುಮಗುವಿನ ಮೊದಲ ಮುಡಿ ತೆಗೆಸುವ ಶಾಸ್ತ್ರ. ನಮ್ಮ ಕಡೆ ಅದಕ್ಕೆ ಮುಂಚೆ ಹುಡುಗನಿಗೆ ಲಂಗ ಉಡಿಸಿ, ಇದ್ದ ಕೂದಲಿಗೆ ಚೌರಿ ಸೇರಿಸಿ, ಮಲ್ಲಿಗೆ ಮೊಗ್ಗಿನ ಜಡೆ ಹೆಣೆದು ಸ್ಟುಡಿಯೋಗೆ ಕರೆದೊಯ್ಯುತ್ತಾರೆ. ಜಡೆಯೂ ಕಾಣಲೆಂದು ಹಿಂದೊಂದು ಕನ್ನಡಿ ಇಡುತ್ತಾರೆ. ಶೈಲಾ ತನ್ನ ಫೋನಿನಲ್ಲಿದ್ದ ಆ ಚಿತ್ರ ತೋರಿಸಿದಳು. ಬಳೆ, ಸರ, ಕಾಡಿಗೆಯ ಮೂರು ವರ್ಷದ ಹುಡುಗಿಯನ್ನು ಅನಿ ಬಹಳ ಹೊತ್ತು ನೋಡಿದ.

"ಅಜ್ಜಿ, ದಿಸ್ ಇಸ್ ಮೀ?"

"ನೀನೇ. ಎಷ್ಟು ಲಕ್ಷಣವಾಗಿದ್ದೆ. ಈಗ ಬರೀ ಒಣಗಿದ ನಾರು."

ನಾನು ಅಂಕಲ್ ಅಂಗಡಿಗೆ ಹೋಗಿ, ಹೆಸರು ತೆಗೆಯಲು ಹೇಳಿ ಬಂದೆ.

ಫೋಟೋದ ದಿನ ಅವನ ಜೊತೆ ಹೋಗುವ ಹೊಣೆ ನನ್ನದು. ಮನೆಯಿಂದ ಹೊರಟಾಗ ಅನಿ ಟೋಪಿ ಹಾಕಿದ್ದ. ಶಾಲೆಯಲ್ಲಿ ಅವನ ಸರದಿ ಹತ್ತಿರ ಬಂದಾಗ ಟೋಪಿ ತೆಗೆದ. ನಾನು ಬೆಚ್ಚಿಬಿದ್ದೆ. ತಲೆಯಿಂದ ಎಣ್ಣೆ ಇಳಿಯುತ್ತಿತ್ತು. ಬೆಳಿಗ್ಗೆ ಅಮ್ಮ ಅವನನ್ನು ಎದುರಿಗೆ ಕೂರಿಸಿಕೊಂಡು, ಶುಭದ ದಿನ ಒಣ ತಲೆ ಇರಬಾರದೆಂದು ಕೊಬ್ಬರಿ ಎಣ್ಣೆ ತಟ್ಟಿ ಕಳಿಸಿದ್ದಳು. ಇಮೇಲ್‌ನಲ್ಲಿ ಎಲ್ಲವೂ ಇತ್ತು, ಅಜ್ಜಿಯ ಬಗ್ಗೆ ಎಚ್ಚರಿಕೆ ಇರಲಿಲ್ಲ. ಬೇಡ ಅನ್ನಬಾರದಿತ್ತೇ ಎಂದರೆ, ಅಜ್ಜಿ ಖುಷಿಯಾಗಿದ್ರು ಎಂದ. ವರ್ಷಗಟ್ಟಲೆ ಬೆಳೆಸಿದ ಕೂದಲು ನೆತ್ತಿಗೆ ಅಂಟಿ ಹಿಡಿಯಷ್ಟಾಗಿತ್ತು. ಫೋಟೋಗ್ರಾಫರ್ ಹುಡುಗಿ ಒಮ್ಮೆ ನೋಡಿ, ದೀಪ ಬಿದ್ದರೆ ಕನ್ನಡಿಯಂತೆ ಹೊಳೆಯುತ್ತದೆ, ಉಳಿದವರನ್ನು ಮುಗಿಸುವಷ್ಟರಲ್ಲಿ ಏನಾದರೂ ಮಾಡಿಕೊಂಡು ಬನ್ನಿ, ಇನ್ನೊಂದು ದಿನ ಸಿಗುವುದಿಲ್ಲ ಅಂದಳು.

ಅನಿಯ ಕೆಳತುಟಿ ಚಿಕ್ಕಂದಿನಲ್ಲಿ ನಡುಗುತ್ತಿದ್ದಂತೆ ನಡುಗಿತು.

ಟಾಯ್ಲೆಟ್ಟಿನ ಸಿಂಕಿನಲ್ಲಿ ಅವನ ತಲೆ ಬಗ್ಗಿಸಿದೆ. ಗೋಡೆಗಿದ್ದ ಕೈ ತೊಳೆಯುವ ಸೋಪನ್ನು ಒತ್ತಿ ಒತ್ತಿ ತೆಗೆದು ಉಜ್ಜಿದೆ. ನನಗಿಂತ ಎತ್ತರದ ಹುಡುಗ ಮೊಣಕಾಲು ಮಡಚಿ ನಿಂತಿದ್ದ. ಕಣ್ಣಿಗೆ ಸೋಪು ಹೋದಾಗ ಅಪ್ಪ ಅಪ್ಪ ಎಂದು ನನ್ನ ಅಂಗಿ ಹಿಡಿದುಕೊಂಡ. ಬಾಗಿಲು ತೆಗೆದ ಯಾರೋ ಮೇಷ್ಟರು, ಬೋಳುತಲೆಯವನೊಬ್ಬ ಹುಡುಗನ ತಲೆ ತಿಕ್ಕುತ್ತಿರುವುದನ್ನು ಕಂಡು ಸಾರಿ ಎಂದು ಹಾಗೇ ಮುಚ್ಚಿದರು. ಆಮೇಲೆ ಕೈ ಒಣಗಿಸುವ ಯಂತ್ರದ ಕೆಳಗೆ ಅವನನ್ನು ಕೂರಿಸಿ ಎಳೆ ಎಳೆ ಬಿಡಿಸಿದೆ. ಯಂತ್ರ ಆಗಾಗ ನಿಲ್ಲುತ್ತಿತ್ತು. ಅಂಥ ಒಂದು ನಿಶ್ಶಬ್ದದಲ್ಲಿ ಅವನು ಕೇಳಿದ:

"ಸೇರೋ ದಿನ ನೀನು ಬರ್ತೀಯಲ್ವಾ?"

ಬರುತ್ತೇನೆ ಎಂದೆ. ಯಂತ್ರ ಮತ್ತೆ ಶುರುವಾದದ್ದು ಒಳ್ಳೆಯದಾಯಿತು, ನನ್ನ ದನಿ ಸರಿಯಿರಲಿಲ್ಲ.

ಪುಸ್ತಕ ಬಂದಿದೆ. ಉಳಿದವರೆಲ್ಲ ಅಭ್ಯಾಸ ಮಾಡಿದ ನಗುವಿನಲ್ಲಿದ್ದಾರೆ. ನಮ್ಮವನ ಕಣ್ಣು ಕೆಂಪು, ಕೂದಲು ಬಿಸಿಗಾಳಿಗೆ ಉಬ್ಬಿ ಚೌಕಟ್ಟಿನ ಎರಡೂ ಅಂಚು ಮುಟ್ಟಿದೆ. ಆದರೆ ನಿಜವಾಗಿಯೂ ನಗುತ್ತಿದ್ದಾನೆ. ಪುಟ ನೋಡಿದವನೇ, ಇದೇ ಬೇಕಿತ್ತು ಎಂದ.

ಅಮ್ಮ ಆ ಪುಟವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಚೌಲದ ದಿನ ಹಾಲಿನ ಬಟ್ಟಲಲ್ಲಿ ಹಿಡಿದ ಕೂದಲನ್ನು ನಂಜನಗೂಡಿಗೆ ಒಯ್ದು ಕಪಿಲೆಗೆ ಬಿಟ್ಟವಳು ಅವಳೇ.

"ಸೈನ್ಯದಲ್ಲಿ ತೆಗ್ದಿದ್ದನ್ನ ಯಾವ ನದಿಗೆ ಬಿಡ್ತಾರೋ?"

ಸಾಲು ಸಾಲಾಗಿ ಕೂತ ಹುಡುಗರು, ಯಂತ್ರದ ಗುಂಯ್ ಸದ್ದು, ನೆಲದ ಮೇಲೆ ಯಾರ್‍ಯಾರದೋ ಕೂದಲು ಬೆರೆತು ಒಂದೇ ಗುಡ್ಡೆಯಾಗುವುದು, ಎಲ್ಲ ಕಣ್ಣಿಗೆ ಕಟ್ಟಿತು. ಆ ಗುಡ್ಡೆಯಲ್ಲಿ ನಮ್ಮದು ಯಾವುದೆಂದು ಬೇರ್ಪಡಿಸಲು ಯಾರಿಗೂ ಆಗುವುದಿಲ್ಲ.

"ಅವರ ತರಬೇತಿ ಶಿಬಿರ ಇರೋದೇ ಇನ್ನೊಂದು ಪುಟ್ಟ ದ್ವೀಪದಲ್ಲಿ ಅಮ್ಮ, ಸುತ್ತ ಸಮುದ್ರ ಇದೆ," ಎಂದೆ.

"ಹಾಗಾದ್ರೆ ಸರಿ," ಅಂದಳು. "ಕಪಿಲೆಯೂ ಕೊನೆಗೆ ಅಲ್ಲಿಗೇ ತಾನೇ ಸೇರೋದು."