ಖಾಲಿ ಬಿಡದ ಖಾನೆ

ಗೆಳೆಯರೇ, ಮಾಡದಕೆರೆಯ ನಮ್ಮ ಬೇಸಿಗೆ ತರಗತಿಗೆ ಇವತ್ತು ಈರಮ್ಮನ ಅಪ್ಪ ಬಂದಿದ್ದರು. ಈರಮ್ಮ ಕುರಿ ಕಾಯಲು ಹೋಗಿ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಜೂನ್‌ನಲ್ಲಿ ಮತ್ತೆ ಶಾಲೆಗೆ ಸೇರಿಸೋಣ ಎಂದು ಒಂದು ತಿಂಗಳಿಂದ ಅವಳಿಗೆ ಓದು, ಲೆಕ್ಕ, ಅರ್ಜಿ ತುಂಬುವುದು ಎಲ್ಲ ಹೇಳಿಕೊಡುತ್ತಿದ್ದೇನೆ.

ಅಪ್ಪ ಒಂದು ಕಾಗದ ಮುಂದಿಟ್ಟರು. “ಮಗಳೇ ತುಂಬ್ಯಾಳೆ ಮೇಷ್ಟ್ರೇ. ತಪ್ಪಿದ್ರೆ ಹೇಳ್ರಿ.”

ಮದುವೆಗೆ ಸಮುದಾಯ ಭವನ ಬುಕ್ ಮಾಡುವ ಅರ್ಜಿ ಅದು. ದುಂಡಗಿನ ಅಕ್ಷರ, ಒಂದನ್ನೂ ಹೊಡೆದುಹಾಕಿಲ್ಲ. ವಧುವಿನ ಹೆಸರು ಈರಮ್ಮ, ವಯಸ್ಸು ಹದಿನೆಂಟು. ನನ್ನ ಹಾಜರಿ ಪುಸ್ತಕದಲ್ಲಿ ಅವಳಿಗೆ ಹದಿನೈದು.

“ವಯಸ್ಸು ತಪ್ಪೈತಲ್ಲಮ್ಮ” ಎಂದೆ.

ಅಪ್ಪನ ಪಕ್ಕ ನಿಂತಿದ್ದ ಈರಮ್ಮ ತಲೆ ಎತ್ತಲಿಲ್ಲ. “ಯಾವ ಖಾನೆನೂ ಖಾಲಿ ಬಿಡಬಾರ್ದು ಅಂತ ನೀವೇ ಅಂದಿದ್ರಲ್ಲ ಸಾರ್. ಅಪ್ಪ ಹೇಳಿದ್ದು ಬರ್ದೆ.”

“ನಿಂಗೆ ಈ ಮದ್ವೆ ಬೇಕೇನಮ್ಮ?”

“ಶಾಲೆಗೆ ಅಂತ ನೀವು ಕೊಟ್ಟ ಬ್ಯಾಗು ತಂಗಿಗೆ ಕೊಟ್ಬಿಟ್ಟೆ ಸಾರ್.”

ಅರ್ಜಿ ಮಡಚಿ ಜೇಬಿಗೆ ಹಾಕಿಕೊಂಡು, ಇದನ್ನು ವಾಪಸ್ ಕೊಡುವುದಿಲ್ಲ ಎಂದೆ. ಅಪ್ಪನಿಗೆ ಸಿಟ್ಟೇ ಬರಲಿಲ್ಲ. “ಇಟ್ಕಳ್ರಿ ಮೇಷ್ಟ್ರೇ. ಇನ್ನೊಂದು ತಂದ್ರೆ ಐದ್ ನಿಮಿಷದಾಗೆ ತುಂಬ್ತಾಳೆ” ಎಂದು ಮಗಳನ್ನು ಕರೆದುಕೊಂಡು ಹೊರಟರು.

ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆ. ಬರುತ್ತೇವೆ ಎಂದಿದ್ದಾರೆ, ಕಾಯುತ್ತಾ ಕುಳಿತಿದ್ದೇನೆ. ತಿಂಗಳ ಹಿಂದೆ ಇಂಥದ್ದೇ ಒಂದು ಅರ್ಜಿ ತುಂಬಲು ಅವಳಿಗೆ ಇಡೀ ಬೆಳಿಗ್ಗೆ ಬೇಕಾಗಿತ್ತು. ಅಷ್ಟು ಚೆನ್ನಾಗಿ ಕಲಿಸಿದ್ದೇನೆ ನೋಡಿ.