ಹಿಮವಲ್ಲಿಯ ಪರವಾಗಿ ಅತ್ತಿ ಬರೆದ ಪತ್ರ

ತೊಗರಿಕಾಯಿ ಉಪ್ಪುನೀರಿನಲ್ಲಿ ಕುದಿಯುವ ವಾಸನೆ ಬಂದರೆ ಬೇರೆಯವರಿಗೆ ಹಸಿವಾಗುತ್ತದೆ. ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ತೆಲುಗು ಸೀಮೆಯ ಕೊಹೀರಿನಲ್ಲಿದ್ದ ನಮ್ಮ ಮನೆ ಈಗಿಲ್ಲ, ಆ ಜಾಗದಲ್ಲಿ ಟೈರಿನ ಅಂಗಡಿ ಇದೆ. ಚಳಿಗಾಲದ ಮಧ್ಯಾಹ್ನ ಅಲ್ಲಿನ ಪಡಸಾಲೆಯಲ್ಲಿ ಬಿಸಿ ಕಾಯಿಯ ಬುಟ್ಟಿಯ ಸುತ್ತ ನಾವು ಕೂತರೆ, ಅಪ್ಪನ ತಂಗಿ ನೀಲಮ್ಮತ್ತಿ ಒಂದು ದಪ್ಪ ಕಾದಂಬರಿಯನ್ನು ಗಟ್ಟಿಯಾಗಿ ಓದುತ್ತಿದ್ದಳು. ಗಂಡ ತೀರಿದ ಮೇಲೆ ನಾರಾಯಣಖೇಡದಿಂದ ತವರಿಗೆ ಬರುವಾಗ ಅವಳು ತಂದ ಪುಸ್ತಕ ಅದೊಂದೇ. ರೆಕ್ಕೆಯ ಕುದುರೆಗಳು, ಮಂಜಿನ ಕೋಟೆಗಳಿದ್ದ ಆ ಲೋಕದಲ್ಲಿ ಅಗ್ನಿಧರನೆಂಬ ರಾಜಕುಮಾರ, ತನ್ನ ಜೀವ ಉಳಿಸಿದ ಹಿಮವಲ್ಲಿಯನ್ನೇ ಮಾಟಗಾರನ ಬೆಟ್ಟದ ಮೇಲೆ ಒತ್ತೆಯಿಟ್ಟು, ರಾಜ್ಯ ಉಳಿಸುವ ಮಂತ್ರಖಡ್ಗವನ್ನು ಅವನಿಂದ ಪಡೆದು ಮರಳುತ್ತಾನೆ. ಒಂದು ದಿನ ಅಲ್ಲಿಯವರೆಗೆ ಓದಿ ಅತ್ತಿ ಪುಸ್ತಕ ಮುಚ್ಚಿದಳು.

"ಇಂಥಾವಗ ಎಲ್ಲಾರೂ ವೀರ ಅಂತಾರಲ್ಲ," ಅಂದಳು.

"ರಾಜ್ಯ ಉಳಸಬೇಕಾದ್ರ ಒಬ್ಬರನ್ನ ಬಿಡಬೇಕಾಗ್ತದವಾ," ಅಂದಳು ಆಯಿ, ಅಕ್ಷರ ಬಾರದ ನನ್ನ ಅಜ್ಜಿ.

"ಆಕಿ ಆ ರಾಜ್ಯದಾಕಿ ಅಲ್ಲೇನು?"

ಆಗ ವಾರಪತ್ರಿಕೆಯೊಂದರಲ್ಲಿ ಆ ಕಾದಂಬರಿಯ ಪಾತ್ರಗಳ ಬಗ್ಗೆ ಓದುಗರ ಅಭಿಪ್ರಾಯ ಅಚ್ಚಾಗುತ್ತಿತ್ತು. ಎಲ್ಲರೂ ಅಗ್ನಿಧರನ ತ್ಯಾಗವನ್ನೇ ಹೊಗಳುತ್ತಿದ್ದರು. ಯಾರು ಯಾರನ್ನು ತ್ಯಾಗ ಮಾಡಿದರು ಎಂದು ಒಬ್ಬರೂ ಕೇಳಿರಲಿಲ್ಲ. ಅತ್ತಿ ಎರಡು ದಿನ ಕೂತು ಪತ್ರ ಬರೆದು, ಅಂಚೆಗೆ ಹಾಕಲು ಅಪ್ಪನ ಕೈಗೆ ಕೊಟ್ಟಳು. ಅಪ್ಪ ಅದನ್ನು ಓದಿ, ನನ್ನನ್ನು ಒಳಗೆ ಕರೆದು ಹೊಸ ಹಾಳೆ ಕೊಟ್ಟ. "ಚಂದಾಗಿ ನಕಲು ಮಾಡು. ಕೆಳಗ ನನ್ನ ಹೆಸರು ಹಾಕು."

"ಅತ್ತಿ ಬರದಾಳಲ್ಲ, ಅಪ್ಪಾ."

"ಮನಿ ಹೆಣ್ಣುಮಗಳ ಹೆಸರು ಪೇಪರದಾಗ ಯಾಕ ಬೇಕು? ಹೇಳ್ದಷ್ಟು ಮಾಡು."

ಶಾಲೆಯಲ್ಲಿ ನನಗಿದ್ದದ್ದು ತೆಲುಗು. ಕನ್ನಡ ಅಕ್ಷರಗಳನ್ನು ಕೈ ಹಿಡಿದು ತಿದ್ದಿಸಿದವಳು ಅತ್ತಿ. ಆ ಅಕ್ಷರಗಳಲ್ಲೇ ಅವಳ ಹೆಸರು ಬಿಟ್ಟು ಅಪ್ಪನ ಹೆಸರು ಬರೆದೆ. ಪತ್ರ ಅಚ್ಚಾಯಿತು. ಬಸ್ ನಿಲ್ದಾಣದ ಹೋಟೆಲಿನಲ್ಲಿ ಜನ "ಭಾರಿ ಬರದೀರಿ" ಎಂದರೆ ಅಪ್ಪ ನಗುತ್ತಿದ್ದ. ಅತ್ತಿ ಆ ಪುಟವನ್ನು ನಿಂತಲ್ಲೇ ಓದಿ, ನನ್ನ ಕಡೆ ನೋಡಿದಳು. "ನಕಲು ನೀನೇ ಮಾಡಿದ್ಯಾ?" ತಲೆಯಾಡಿಸಿದೆ. "ಒಂದಕ್ಷರ ತಪ್ಪಿಲ್ಲ," ಅಂದಳು. ಬೈದಿದ್ದರೆ ಇಷ್ಟು ವರ್ಷ ಉರಿಯುತ್ತಿರಲಿಲ್ಲ.

ಈಗ ಜಹೀರಾಬಾದಿನಲ್ಲಿ ಕೂತು ಫೋನು ತೆರೆದರೆ, ಓದುಗರ ಗುಂಪೊಂದರಲ್ಲಿ ಯಾರೋ ಆ ಹಳೆಯ ಪುಟದ ಫೋಟೋ ಹಾಕಿದ್ದಾರೆ. ಆ ಕಾಲಕ್ಕೇ ಹೆಣ್ಣಿನ ಪರ ನಿಂತ ಗಂಡಸು ಎಂದು ಅಪ್ಪನಿಗೆ ನೂರಾರು ಮೆಚ್ಚುಗೆ. ಇದು ನನ್ನ ಅತ್ತಿ ನೀಲಮ್ಮ ಬರೆದದ್ದು, ಕದ್ದ ಕೈ ನನ್ನದು ಎಂದು ಬರೆದೆ. ಸಾಕ್ಷಿ ಏನು ಎಂದು ಒಬ್ಬರು ಕೇಳಿದರು. ಅಪ್ಪನೂ ಇಲ್ಲ, ಅತ್ತಿಯೂ ಇಲ್ಲ, ಅವಳ ಕೈಬರಹದ ಆ ಪತ್ರವೂ ಇಲ್ಲ. ಏನು ತೋರಿಸಲಿ?

ಆ ಪತ್ರ ಅಚ್ಚಾದ ಮೇಲೆ ಅತ್ತಿ ಆ ಪುಸ್ತಕವನ್ನು ಮತ್ತೆ ತೆರೆಯಲಿಲ್ಲ. ರಾಜ್ಯ ಉಳಿಯಬೇಕೆಂದು ವಾದಿಸಿದ್ದ ಆಯಿಯೇ ತನ್ನ ಕೊನೆಯ ಚಳಿಗಾಲದವರೆಗೆ ಕೇಳುತ್ತಿದ್ದಳು: "ಆ ಹುಡುಗಿ ಬೆಟ್ಟ ಇಳದು ಬಂದಳೇನವಾ?" ಅತ್ತಿ ಅವಳ ಹೊದಿಕೆ ಸರಿಮಾಡಿ ಹೇಳುತ್ತಿದ್ದಳು, "ಇನ್ನಾ ಬಂದಿಲ್ಲವಾ. ಮಲಕೋ."